ಹೊಸ ಆಯಿಲ್ ಬಂದಿದೆ, ಎಲ್ಲ ಗಾಡಿಗೂ ಹಾಕೋಣವಾ?

ನೂರಾರು ಗಾಡಿಗಳ ಮೇಂಟೆನೆನ್ಸ್ ನೋಡಿಕೊಳ್ಳುವವರ ಬಾಗಿಲಿಗೆ ಹೊಸ ಡಬ್ಬ ಹಿಡಿದುಕೊಂಡು ಬರುವವರಿಗೆ ಬರವಿಲ್ಲ. ಒಬ್ಬರ ಆಯಿಲ್ ಈಗಿನದ್ದಕ್ಕಿಂತ ಎರಡು ಪಟ್ಟು ಬಾಳಿಕೆ ಬರುತ್ತದಂತೆ. ಇನ್ನೊಬ್ಬರು ಡೀಸೆಲ್‌ಗೆ ಬೆರೆಸುವ ಏನೋ ತಂದಿದ್ದಾರೆ, ಮೈಲೇಜ್ ಏರುತ್ತದಂತೆ. ಮತ್ತೊಬ್ಬರ ಕೂಲಂಟ್ ಒಮ್ಮೆ ತುಂಬಿದರೆ ಓವರ್‌ಹಾಲ್ ತನಕ ಮುಟ್ಟುವುದೇ ಬೇಡವಂತೆ. ಇವರೆಲ್ಲ ಸುಳ್ಳು ಹೇಳುತ್ತಾರೆ ಅಂತಲ್ಲ. ಕೆಲವು ನಿಜವಾಗಿಯೂ ಒಳ್ಳೆಯವು. ಬಂದದ್ದಕ್ಕೆಲ್ಲ ಬೇಡ ಅಂದು ಕಳಿಸಿದ್ದರೆ ನಾವು ಇನ್ನೂ ಮೂವತ್ತು ವರ್ಷದ ಹಿಂದಿನ ಆಯಿಲ್‌ನಲ್ಲೇ ಗಾಡಿ ಓಡಿಸುತ್ತಿದ್ದೆವು. ಆದರೆ 'ನಾಲ್ಕು ಗಾಡಿಗೆ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತೆ' ಅಂತಾರಲ್ಲ, ನನ್ನ ತಕರಾರು ಆ ಮಾತಿನ ಜೊತೆ. ಸುಮ್ನೆ ನಾಲ್ಕು ಗಾಡಿಗೆ ಹಾಕಿ ನೋಡಿದರೆ ಗೊತ್ತಾಗುವುದು ಬಹಳ ಕಡಿಮೆ.

ಯಾಕೆಂದರೆ ಇಂಥ ಪದಾರ್ಥಗಳ ಲಾಭ ಬೇಗ ಕಾಣಿಸುತ್ತದೆ, ಕೆಡುಕು ತಡವಾಗಿ ಬರುತ್ತದೆ. ಅದೂ ನಾವು ಕಣ್ಣಿಟ್ಟು ಕೂತ ಜಾಗದಲ್ಲಿ ಬರುವುದಿಲ್ಲ.

ಡೀಸೆಲ್ ಗಾಡಿಯ ಪಾರ್ಟಿಕ್ಯುಲೇಟ್ ಫಿಲ್ಟರನ್ನೇ ತೆಗೆದುಕೊಳ್ಳಿ. ಹೊಗೆಯಲ್ಲಿನ ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಸಿಯಾದಾಗ ಸುಟ್ಟುಹೋಗುತ್ತದೆ. ಆದರೆ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಇವುಗಳಿಂದ ಆಗುವ ಬೂದಿ ಸುಡುವುದಿಲ್ಲ. ಅಲ್ಲೇ ಕೂರುತ್ತದೆ. ಅದಕ್ಕೇ 2006ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ತಂದ ಸಿಜೆ-4 ಅನ್ನುವ ಡೀಸೆಲ್ ಆಯಿಲ್ ದರ್ಜೆಯಲ್ಲಿ ಸಲ್ಫೇಟೆಡ್ ಬೂದಿಗೆ, ಅಂದರೆ ಆಯಿಲ್ ಸುಟ್ಟರೆ ಉಳಿಯುವ ಬೂದಿಗೆ, ಶೇಕಡಾ 1ರ ಮಿತಿ ಹಾಕಿದರು. ಈಗ ಯಾರೋ ಬೂದಿ ಜಾಸ್ತಿ ಇರುವ ಆಯಿಲ್ ತಂದು ಇಂಥ ಗಾಡಿಗೆ ಮೂರು ತಿಂಗಳು ಹಾಕಿ ನೋಡಿ ಅಂದರು ಅಂದುಕೊಳ್ಳಿ. ಮೂರು ತಿಂಗಳಲ್ಲಿ ಏನು ಕಾಣುತ್ತದೆ? ಇಂಜಿನ್ ಸದ್ದು ಚೆನ್ನಾಗಿದೆ, ಒಳಗೆ ತೆಗೆದು ನೋಡಿದರೆ ಫಳಫಳ ಅನ್ನುತ್ತದೆ, ಸವೆತವೂ ಕಡಿಮೆ ಇದ್ದೀತು. ಎಲ್ಲರಿಗೂ ಖುಷಿ. ಫಿಲ್ಟರ್ ಬೂದಿಯಿಂದ ತುಂಬುವುದು ಎಷ್ಟೋ ಸಾವಿರ ಕಿಲೋಮೀಟರ್ ಆದ ಮೇಲೆ. ಅಷ್ಟು ಹೊತ್ತಿಗೆ ಆ ಆಯಿಲ್ ಎಲ್ಲ ಗಾಡಿಗಳಿಗೂ ಹೋಗಿರುತ್ತದೆ, ಟ್ರಯಲ್ ಮಾಡಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಫಿಲ್ಟರ್ ಕೆಟ್ಟಿದ್ದಕ್ಕೆ ಫಿಲ್ಟರ್ ಮಾಡಿದವರನ್ನು ಬೈಯುತ್ತೇವೆ.

ಕೂಲಂಟ್ ಕಥೆಯೂ ಹಾಗೇ. ದೊಡ್ಡ ಡೀಸೆಲ್ ಇಂಜಿನ್‌ಗಳಲ್ಲಿ ಸಿಲಿಂಡರ್ ಲೈನರ್‌ನ (ಪಿಸ್ಟನ್ ಓಡಾಡುವ ಕೊಳವೆಯ) ಹೊರಮೈಗೆ ನೇರವಾಗಿ ಕೂಲಂಟ್ ತಾಗುತ್ತದೆ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತದೆ, ನಡುಗಿದಾಗ ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ ಹುಟ್ಟಿ ಒಡೆಯುತ್ತವೆ, ಒಡೆದ ಕಡೆಯೆಲ್ಲ ಲೋಹ ಚೂರು ಚೂರೇ ಎದ್ದುಹೋಗುತ್ತದೆ. ಇದನ್ನು ತಡೆಯುವುದು ಕೂಲಂಟ್‌ನಲ್ಲಿರುವ ನೈಟ್ರೈಟ್‌ನಂಥ ರಾಸಾಯನಿಕಗಳು, ಇಲ್ಲವೇ ಅದೇ ಕೆಲಸ ಮಾಡುವ ಆರ್ಗ್ಯಾನಿಕ್ ಆಸಿಡ್‌ಗಳು. ಆ ರಕ್ಷಣೆ ಇಲ್ಲದ ಕೂಲಂಟ್ ಹಾಕಿದರೂ ಟೆಂಪರೇಚರ್ ಮುಳ್ಳು ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಡ್ರೈವರ್‌ಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಲೈನರ್ ತೂತಾಗಿ ನೀರು ಆಯಿಲ್‌ಗೆ ಇಳಿಯುತ್ತದೆ. ಅಂದಹಾಗೆ, ಬಣ್ಣ ನೋಡಿ ಕೂಲಂಟ್ ಗುರುತಿಸುವವರು ಇನ್ನೂ ಇದ್ದಾರೆ. ಬಣ್ಣಕ್ಕೆ ಯಾವ ಸ್ಟ್ಯಾಂಡರ್ಡೂ ಇಲ್ಲ, ತಯಾರಿಸುವವರು ತಮಗೆ ಬೇಕಾದ ಬಣ್ಣ ಹಾಕುತ್ತಾರೆ.

ಹಾಗಾಗಿ ಟ್ರಯಲ್ ಶುರು ಮಾಡುವ ಮೊದಲು ನಾನು ಒಂದು ಹಾಳೆ ತೆಗೆದುಕೊಂಡು ಒಂದೇ ಪ್ರಶ್ನೆ ಬರೆಯುತ್ತೇನೆ. ಇದು ಕೆಡಿಸುವುದಾದರೆ ಎಲ್ಲಿ ಕೆಡಿಸುತ್ತದೆ, ಅದು ಕಾಣಲು ಎಷ್ಟು ಕಾಲ ಬೇಕು? ಟ್ರಯಲ್ ಎಷ್ಟು ದಿನ ಅನ್ನುವುದು ಈ ಉತ್ತರದಿಂದ ತೀರ್ಮಾನವಾಗಬೇಕು. ಕೊಳ್ಳುವ ವಿಭಾಗದವರ ಅವಸರದಿಂದಲ್ಲ, ಆಫರ್ ಮುಗಿಯುವ ತಾರೀಖಿನಿಂದಂತೂ ಅಲ್ಲವೇ ಅಲ್ಲ. ಅಷ್ಟು ದಿನ ಕಾಯಲು ಆಗುವುದೇ ಇಲ್ಲ ಅಂತಾದರೆ ಆ ನಿಧಾನದ ಕೆಡುಕಿಗೆ ಬೇರೆ ಕಡೆಯಿಂದ ಸಾಕ್ಷಿ ಬೇಕು. ಇಂಜಿನ್ ತಯಾರಕರ ಒಪ್ಪಿಗೆಯ ಪಟ್ಟಿ, ಲ್ಯಾಬ್ ಪರೀಕ್ಷೆಯ ವರದಿ, ಬೇರೆಯವರ ಫ್ಲೀಟ್‌ನಲ್ಲಿ, ಅಂದರೆ ಗಾಡಿಗಳ ಗುಂಪಿನಲ್ಲಿ, ಇದೇ ಇಂಜಿನ್ ಓವರ್‌ಹಾಲ್‌ಗೆ ಬಿಚ್ಚಿದಾಗ ತೆಗೆದ ಫೋಟೋ, ಏನಾದರೂ ಸರಿ.

ಇನ್ನು ಯಾವ ಗಾಡಿಗೆ ಹಾಕುವುದು ಅನ್ನುವ ವಿಷಯ. ಇಲ್ಲಿ 1993ರ ಒಂದು ಕಥೆ ಹೇಳಲೇಬೇಕು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ರಸ್ತೆ ಗಾಡಿಗಳ ಡೀಸೆಲ್‌ನಲ್ಲಿ ಗಂಧಕದ ಮಿತಿಯನ್ನು 500 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 500 ಭಾಗಕ್ಕೆ) ಇಳಿಸಿದರು. ಹೊಸ ಡೀಸೆಲ್ ಬಂದ ಸ್ವಲ್ಪ ದಿನಕ್ಕೇ ಕೆಲವು ಗಾಡಿಗಳ ಫ್ಯೂಯಲ್ ಪಂಪ್ ಸೋರತೊಡಗಿತು. ಕೆಟ್ಟದ್ದು ಹೆಚ್ಚಾಗಿ ಹಳೆಯ ಗಾಡಿಗಳು. ಹಳೆಯ ಡೀಸೆಲ್‌ನಲ್ಲಿ ಆರೋಮ್ಯಾಟಿಕ್ ಅನ್ನುವ, ರಬ್ಬರನ್ನು ಊದಿಸುವ ಅಂಶ ಜಾಸ್ತಿ ಇತ್ತು, ಅದನ್ನು ಕುಡಿದು ಕುಡಿದು ನೈಟ್ರೈಲ್ ರಬ್ಬರ್ ಸೀಲ್‌ಗಳು ಊದಿಕೊಂಡಿದ್ದವು, ವರ್ಷಗಟ್ಟಲೆ ಬಿಸಿಗೆ ಬಿರುಸೂ ಆಗಿದ್ದವು. ಹೊಸ ಡೀಸೆಲ್‌ನಲ್ಲಿ ಆ ಅಂಶ ಕಡಿಮೆಯಾದಾಗ ಸೀಲ್ ಕುಗ್ಗಿತು, ಸಂದಿ ಬಿಟ್ಟಿತು. ಹೊಸ ಸೀಲ್ ಇದ್ದ ಗಾಡಿಗಳಿಗೆ ಅಷ್ಟು ತೊಂದರೆ ಆಗಲಿಲ್ಲ. ಯಾರಾದರೂ ಆಗ ಬರೀ ಹೊಸ ಗಾಡಿಗಳಲ್ಲಿ ಟ್ರಯಲ್ ಮಾಡಿದ್ದರೆ ಫಲಿತಾಂಶ ನೂರಕ್ಕೆ ನೂರು. ಸ್ವೀಡನ್ನಿನಲ್ಲಿ 90ರ ದಶಕದ ಶುರುವಿನಲ್ಲಿ ಗಂಧಕ ತೀರಾ ಕಡಿಮೆ ಇರುವ ಡೀಸೆಲ್ ಬಂದಾಗ ತೊಂದರೆ ಬೇರೆ ಕಡೆ ಎದ್ದಿತು. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣವೂ ಹೊರಟುಹೋಗಿತ್ತು, ಪಂಪ್‌ಗಳು ಸವೆದವು. ಯುರೋಪಿನ ಡೀಸೆಲ್ ಸ್ಟ್ಯಾಂಡರ್ಡ್ ಇಎನ್ 590ರಲ್ಲಿ ಈಗ ಜಾರುಗುಣದ ಪರೀಕ್ಷೆ ಇದೆ, ಸವೆತದ ಗುರುತು 460 ಮೈಕ್ರಾನ್ ದಾಟಬಾರದು.

ಈ ಎರಡು ಕಥೆಗಳಲ್ಲೂ ಹೊಸ ಪದಾರ್ಥ ಕೆಟ್ಟದ್ದೇನಲ್ಲ. ಗಂಧಕ ಇಳಿಸಿದ್ದು ಒಳ್ಳೆಯದೇ. ಆದರೆ ನಿಮ್ಮಲ್ಲಿ ಹಳೆಯ ಗಾಡಿ ಮೂರು ತರಹ, ಹೊಸದು ಎರಡು ತರಹ ಇದ್ದರೆ ಟ್ರಯಲ್‌ನಲ್ಲೂ ಐದೂ ತರಹ ಇರಬೇಕು. ತುಂಬಾ ಓಡಿರುವುದು, ನಿಂತು ನಿಂತು ಓಡುವುದು, ಐಡಲ್‌ನಲ್ಲೇ ಅರ್ಧ ದಿನ ಕಳೆಯುವುದು, ಎಲ್ಲವೂ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ. ಆಯಿಲ್ ಜಾಸ್ತಿ ಕುಡಿಯುವ, ಹೊಗೆ ಬಿಡುವ ಗಾಡಿಗೆ ಹೊಸದನ್ನು ಹಾಕಿ ನೋಡೋಣ, ಹೇಗೂ ಕೆಟ್ಟಿದೆಯಲ್ಲ ಅಂತ. ಸೇಲ್ಸ್‌ನವರಿಗೂ ಇದೇ ಇಷ್ಟ. ಆದರೆ ಕಳೆದ ತಿಂಗಳು ತೀರಾ ಕೆಟ್ಟದಾಗಿ ಓಡಿದ ಗಾಡಿಗಳನ್ನು ಆರಿಸಿಕೊಂಡರೆ ಮುಂದಿನ ತಿಂಗಳು ಅವುಗಳಲ್ಲಿ ಕೆಲವು ತಾವಾಗೇ ಸುಧಾರಿಸುತ್ತವೆ. ಆ ತಿಂಗಳು ಲೋಡ್ ಜಾಸ್ತಿ ಇದ್ದಿರಬಹುದು, ಒಂದು ಇಂಜೆಕ್ಟರ್ ಆಮೇಲೆ ಬದಲಾಗಿರಬಹುದು, ಡ್ರೈವರ್ ಬೇರೆ ಆಗಿರಬಹುದು. ಏನೂ ಹಾಕದಿದ್ದರೂ ಸುಧಾರಿಸುತ್ತಿದ್ದವು. ಹೆಸರು ಮಾತ್ರ ಹೊಸ ಡಬ್ಬಕ್ಕೆ. ಇದಕ್ಕೆ ಔಷಧಿ ಸುಲಭ. ಒಂದೇ ಮಾದರಿಯ, ಒಂದೇ ವಯಸ್ಸಿನ, ಒಂದೇ ರೂಟಿನ ಗಾಡಿಗಳನ್ನು ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಹೊಸದು, ಯಾವುದಕ್ಕೆ ಹಳೆಯದು ಅಂತ ಚೀಟಿ ಎತ್ತಿ. ಚೀಟಿ ಎತ್ತುವುದು ಮಕ್ಕಳಾಟದ ಹಾಗೆ ಕಾಣಬಹುದು. ಎತ್ತದಿದ್ದರೆ ಮಾತ್ರ ಸೂಪರ್‌ವೈಸರ್ ಕೈ ಗೊತ್ತಿಲ್ಲದೆಯೇ ಒಳ್ಳೆಯ ಗಾಡಿ ಕಡೆ ಹೋಗುತ್ತದೆ, ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಮೈಲೇಜ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಶೇಕಡಾ 3 ಉಳಿತಾಯ ಅಂತಾರೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ ತೋರಿಸುತ್ತಾರೆ. ಆ ಲೆಕ್ಕದ ಒಳಗೆ ಎಷ್ಟು ಗದ್ದಲ ಇದೆ ನೋಡಿ. ಪಂಪ್ ನಳಿಕೆ ಒಂದು ಸಲ ಒಂದೆರಡು ಲೀಟರ್ ಮುಂಚೆಯೇ ಕಟ್ ಆಗುತ್ತದೆ, ಇನ್ನೊಂದು ಸಲ ಕುತ್ತಿಗೆ ತನಕ ತುಂಬುತ್ತದೆ. ದೊಡ್ಡ ಗಾಡಿಯ ಟಯರ್‌ಗಳಲ್ಲಿ 10 ಪಿಎಸ್ಐ ಗಾಳಿ ಕಡಿಮೆ ಇದ್ದರೆ ಅಲ್ಲೇ ಶೇಕಡಾ 1ರ ಆಸುಪಾಸು ಹೋಗಬಹುದು. ಹವೆ 10 ಡಿಗ್ರಿ ತಂಪಾದರೆ ಗಾಳಿಯ ಸಾಂದ್ರತೆ ಶೇಕಡಾ 3ರಿಂದ 4ರಷ್ಟು ಏರುತ್ತದೆ, ಹೈವೇಯಲ್ಲಿ ಗಾಡಿ ಅಷ್ಟು ಜಾಸ್ತಿ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಒಳ್ಳೆಯ ಡ್ರೈವರ್‌ಗೂ ಒರಟು ಡ್ರೈವರ್‌ಗೂ ಇರುವ ಅಂತರವಂತೂ ಯಾವ ಡಬ್ಬದಿಂದಲೂ ತುಂಬುವಂಥದ್ದಲ್ಲ. ಇಷ್ಟು ಗದ್ದಲದ ಮಧ್ಯೆ ಶೇಕಡಾ 3 ಅನ್ನು ಹುಡುಕುವುದು ಹೇಗೆ?

ಅದಕ್ಕೆ ವಾಹನ ಇಂಜಿನಿಯರುಗಳ ಸಂಘ ಎಸ್‌ಎಇ ಮಾಡಿದ ಒಂದು ಕ್ರಮ ಇದೆ, ಜೆ1321 ಅಂತ. ಅದರ ಮೂಲ ಉಪಾಯ ಯಾರು ಬೇಕಾದರೂ ಬಳಸಬಹುದು. ಎರಡು ಗಾಡಿ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ಲೋಡ್ ಹೊತ್ತು ಓಡುತ್ತವೆ. ಒಂದರಲ್ಲಿ ಯಾವತ್ತೂ ಏನನ್ನೂ ಬದಲಾಯಿಸುವುದಿಲ್ಲ. ಮೊದಲು ಎರಡೂ ಹಳೆಯ ಸ್ಥಿತಿಯಲ್ಲೇ ಓಡಿ ಒಂದಕ್ಕೊಂದರ ಅನುಪಾತ ಸಿಗುತ್ತದೆ. ಆಮೇಲೆ ಒಂದಕ್ಕೆ ಮಾತ್ರ ಹೊಸದನ್ನು ಹಾಕಿ ಮತ್ತೆ ಅನುಪಾತ ನೋಡುತ್ತಾರೆ. ಗಾಳಿ, ಬಿಸಿಲು, ಟ್ರಾಫಿಕ್ ಎರಡಕ್ಕೂ ಒಂದೇ ಆದ್ದರಿಂದ ಹೆಚ್ಚೂಕಡಿಮೆ ಕಳೆದುಹೋಗುತ್ತವೆ. ಇಂಧನವನ್ನು ಬೇರೆ ಟ್ಯಾಂಕಿನಲ್ಲಿಟ್ಟು ತೂಕ ಮಾಡುತ್ತಾರೆ, ಲೀಟರ್ ಲೆಕ್ಕ ಇಲ್ಲ. ಒಂದು ಸಲ ಓಡಿಸಿ ಬಿಡುವುದೂ ಇಲ್ಲ. ಆ ಕ್ರಮದ ಹಳೆಯ ಆವೃತ್ತಿಯಲ್ಲಿ ಕನಿಷ್ಠ ಮೂರು ಓಟಗಳ ಅನುಪಾತ ಶೇಕಡಾ 2ರ ಒಳಗೆ ಕೂಡಿ ಬರಬೇಕಿತ್ತು, ಬರದಿದ್ದರೆ ಮತ್ತೆ ಓಡಿಸಬೇಕು. ಇಷ್ಟೆಲ್ಲ ಮಾಡಿಯೂ ಆ ಕ್ರಮದಲ್ಲಿ ನಂಬಬಹುದಾದ ನಿಖರತೆ ಶೇಕಡಾ 1ರ ಮಟ್ಟದ್ದು. ಇದನ್ನು ಓದಿದ ಮೇಲೆ ಟ್ಯಾಂಕ್ ಲೆಕ್ಕದ ಶೇಕಡಾ 3ಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ನೀವೇ ಹೇಳಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಧನ ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನ, ಮದ್ದುಗಳನ್ನು ಪರಿಶೀಲಿಸಿದೆ. ಸ್ವಲ್ಪವಾದರೂ ಉಪಯೋಗ ಕಂಡದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ.

ಸೇಲ್ಸ್ ಡೆಮೊದಲ್ಲಿ ತಿರುಗುವ ಉಕ್ಕಿನ ಚಕ್ರಕ್ಕೆ ಬೇರಿಂಗ್ ತುಂಡು ಒತ್ತಿ, ತಮ್ಮ ಆಯಿಲ್ ಹಾಕಿದರೆ ಸವೆತ ಎಷ್ಟು ಕಡಿಮೆ ಅಂತ ತೋರಿಸುತ್ತಾರಲ್ಲ, ಅದರ ಬಗ್ಗೆಯೂ ಎರಡು ಮಾತು. ಕ್ಲೋರಿನ್ ಇರುವ ರಾಸಾಯನಿಕಗಳು ಆ ಯಂತ್ರದಲ್ಲಿ ಭರ್ಜರಿಯಾಗಿ ಗೆಲ್ಲುತ್ತವೆ. ಇಂಜಿನ್ ಒಳಗೆ ಬಿಸಿ, ನೀರಿನ ಆವಿ ಸೇರಿದಾಗ ಅದೇ ಕ್ಲೋರಿನ್ ಆಸಿಡ್ ಆಗಿ ಲೋಹವನ್ನು ತಿನ್ನಬಹುದು. ಅದಕ್ಕೇ ನಾನು ಡೆಮೊಗಿಂತ ಮೊದಲು, ಒಳಗಿನ ಅಪಾಯದ ರಾಸಾಯನಿಕಗಳನ್ನು ಹೇಳುವ ಸೇಫ್ಟಿ ಡೇಟಾ ಶೀಟ್ ಕೇಳುತ್ತೇನೆ. ಅದನ್ನು ಕೊಡಲು ಹಿಂದೆಮುಂದೆ ನೋಡಿದರೆ ಮಾತು ಅಲ್ಲಿಗೇ ಮುಗಿಯಿತು.

ಟ್ರಯಲ್ ತನಕ ಬರದೆ, ಕಾಗದ ಓದಿದಾಗಲೇ ಸೋಸಿಹೋಗುವ ಸರಕು ಬಹಳ. 2016ರ ಡಿಸೆಂಬರ್‌ನಲ್ಲಿ ಎಪಿಐ ಎರಡು ಹೊಸ ಡೀಸೆಲ್ ಆಯಿಲ್ ದರ್ಜೆ ತಂದಿತು, ಸಿಕೆ-4 ಮತ್ತು ಎಫ್ಎ-4. ಸಿಕೆ-4 ಅನ್ನು ಹಳೆಯ ದರ್ಜೆಗಳ ಜಾಗದಲ್ಲಿ ಬಳಸಬಹುದು. ಎಫ್ಎ-4 ಬೇಕೆಂದೇ ತೆಳ್ಳಗೆ ಮಾಡಿದ್ದು. 150 ಡಿಗ್ರಿಯ ಬಿಸಿಯಲ್ಲಿ, ಜೋರು ತಿಕ್ಕಾಟದಲ್ಲಿ ಅದರ ಸ್ನಿಗ್ಧತೆ, ಅಂದರೆ ಎಷ್ಟು ದಪ್ಪ ಅನ್ನುವ ಅಳತೆ, 2.9ರಿಂದ 3.2 ಸೆಂಟಿಪಾಯ್ಸ್, ಸಿಕೆ-4ರದ್ದು ಕನಿಷ್ಠ 3.5. ಎರಡೂ ಒಂದೇ ದಿನ ಬಂದವು, ಎರಡೂ ಹೊಸವು, ಆದರೆ ಎಫ್ಎ-4 ಹಳೆಯ ಇಂಜಿನ್‌ಗಳಿಗೆ ಅಲ್ಲ. ಹೊಸದು ಅಂದ ಮಾತ್ರಕ್ಕೆ ಹಳೆಯದಕ್ಕೂ ಆಗುತ್ತದೆ ಅಂತೇನಿಲ್ಲ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಇನ್ನು ಡಬ್ಬದ ಮೇಲೆ ಲೈಸೆನ್ಸ್ ಗುರುತು ಇರುವುದಕ್ಕೂ 'ಈ ದರ್ಜೆಗೆ ಸರಿಹೊಂದುತ್ತದೆ' ಅಂತ ಅವರೇ ಬರೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ವಾರಂಟಿಯಲ್ಲಿರುವ ಗಾಡಿಯಾದರೆ ತಯಾರಕರಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಬಾಯಿಮಾತು ಕ್ಲೇಮ್ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ಬ್ರೇಕ್ ವಿಷಯದಲ್ಲಿ ನಾನು ಇನ್ನೂ ಬಿಗಿ. ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ನೀರು ಹೀರಿದ ಮೇಲೆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5 ಸಿಲಿಕೋನ್, ಅದು ಇವೆರಡರ ಜೊತೆ ಬೆರೆಯುವುದೇ ಇಲ್ಲ. ಇಂಥದ್ದನ್ನೆಲ್ಲ ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಹಾಕಿ ನೋಡೋಣ ಅನ್ನುವುದು ಟ್ರಯಲ್ ಅಲ್ಲ. ಸ್ಟ್ಯಾಂಡರ್ಡ್ ಪಾಸಾಗಿದ್ದರೆ ಮಾತ್ರ ಮಾತು, ಆಮೇಲೂ ಲೋಡ್ ಇಲ್ಲದ ಗಾಡಿ, ಖಾಲಿ ರಸ್ತೆ, ಅನುಭವ ಇರುವ ಡ್ರೈವರ್.

ಆಯಿಲ್ ಸ್ಯಾಂಪಲ್ ಪರೀಕ್ಷೆಗೆ ಬರೋಣ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಹೆಚ್ಚು ರುಚಿಯಾದ ಭಾಗ. ಒಂದು ಸಣ್ಣ ಬಾಟಲಿ ಕಳಿಸಿದರೆ ಕಬ್ಬಿಣ, ತಾಮ್ರ, ಸೀಸ, ಅಲ್ಯೂಮಿನಿಯಂ ಎಷ್ಟು ಪಿಪಿಎಂ ಅಂತ ಬರುತ್ತದೆ. ಸಿಲಿಕಾನ್ ಏರಿದರೆ ಹೆಚ್ಚಾಗಿ ಧೂಳು, ಅಂದರೆ ಏರ್ ಫಿಲ್ಟರ್ ಕಡೆ ನೋಡಬೇಕು. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಸೋರಿಕೆಯ ಅನುಮಾನ. ಸ್ನಿಗ್ಧತೆ ನೋಡಿದರೆ ಡೀಸೆಲ್ ಬೆರೆತು ತೆಳ್ಳಗಾಯಿತಾ, ಮಸಿ ತುಂಬಿ ದಪ್ಪಗಾಯಿತಾ ಗೊತ್ತಾಗುತ್ತದೆ. 15ಡಬ್ಲ್ಯೂ-40 ಅನ್ನುವ ದಪ್ಪದ ದರ್ಜೆಯ ಆಯಿಲ್ ಆದರೆ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. ಕ್ಷಾರದ ಸಂಗ್ರಹ ಎಷ್ಟು ಉಳಿದಿದೆ ಅನ್ನುವ ಟಿಬಿಎನ್ ನೋಡದೆ ಡ್ರೈನ್ ಅವಧಿ, ಅಂದರೆ ಆಯಿಲ್ ಬದಲಾಯಿಸುವ ಅಂತರ, ಉದ್ದ ಮಾಡುವ ಮಾತೇ ಆಡಬಾರದು.

ಆದರೆ ಮೊದಲ ವರದಿಯನ್ನು ಓದಿ ಯಾರೂ ಕುಣಿಯಬೇಡಿ, ಗಾಬರಿಯೂ ಬೇಡ. ಆಯಿಲ್ ಬ್ರ್ಯಾಂಡ್ ಬದಲಾದ ತಕ್ಷಣ ತಾಮ್ರ ಎಷ್ಟೋ ಪಟ್ಟು ಏರುವುದನ್ನು ನೋಡಿದ್ದೇನೆ. ಬೇರಿಂಗ್ ಹೋಯಿತು ಅಂತ ಇಂಜಿನ್ ಬಿಚ್ಚಲು ಸ್ಪ್ಯಾನರ್ ಎತ್ತಿದವರೂ ಇದ್ದಾರೆ. ಎಷ್ಟೋ ಸಲ ಅದು ಆಯಿಲ್ ಕೂಲರ್‌ನ ತಾಮ್ರದ ಕೊಳವೆಗಳ ಮೇಲ್ಪದರ ಹೊಸ ಆಯಿಲ್‌ನ ರಾಸಾಯನಿಕಗಳ ಜೊತೆ ಸೇರಿ ಕರಗುವುದು ಅಷ್ಟೇ. ಜೊತೆಗೆ ಸೀಸವೂ ಕಬ್ಬಿಣವೂ ಏರದಿದ್ದರೆ, ಎರಡು ಮೂರು ಡ್ರೈನ್ ಆದ ಮೇಲೆ ತಾಮ್ರ ತಾನಾಗಿ ಇಳಿದರೆ, ಬೇರಿಂಗ್ ಸುರಕ್ಷಿತ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಮಧ್ಯೆ ಮಧ್ಯೆ ಹೊಸ ಆಯಿಲ್ ಸುರಿಯುತ್ತೇವೆ, ಕಬ್ಬಿಣದ ಅಂಕಿ ತೆಳುವಾಗುತ್ತದೆ, ವರದಿ ಚಂದ ಕಾಣುತ್ತದೆ. ಹಾಗಾಗಿ ಟಾಪ್-ಅಪ್ ಎಷ್ಟು ಅಂತ ಬರೆಯದ ಸ್ಯಾಂಪಲ್‌ಗೆ ಅರ್ಥ ಇಲ್ಲ. ಸ್ಯಾಂಪಲನ್ನು ಇಂಜಿನ್ ಬಿಸಿ ಇರುವಾಗ, ಡ್ರೈನ್ ಧಾರೆಯ ನಡುಭಾಗದಲ್ಲಿ, ಪ್ರತಿ ಸಲವೂ ಒಂದೇ ರೀತಿ ಹಿಡಿಯಬೇಕು. ತಳದ ಕೆಸರು ಹಿಡಿದರೆ ಎಲ್ಲ ಗಾಡಿಯೂ ಸಾಯುತ್ತಿರುವ ಹಾಗೇ ಕಾಣುತ್ತದೆ.

ಗ್ರೀಸ್‌ನಲ್ಲಿ ಮೋಸ ಇನ್ನೂ ಸೂಕ್ಷ್ಮ. ಪಾಲಿಯೂರಿಯಾ ಗ್ರೀಸೂ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸೂ ಬೇರೆಬೇರೆಯಾಗಿ ಎರಡೂ ಒಳ್ಳೆಯವು. ಬೆರೆತಾಗ ಎಷ್ಟೋ ಸಲ ಮೆತ್ತಗಾಗಿ ಹಬ್‌ನಿಂದ ಹರಿದು ಬರುತ್ತವೆ. ಹಳೆಯದನ್ನು ಪೂರ್ತಿ ತೊಳೆಯದೆ ಮೇಲಿಂದ ಹೊಸದನ್ನು ತುಂಬಿದರೆ ನಾವು ಪರೀಕ್ಷಿಸುತ್ತಿರುವುದು ಹೊಸ ಗ್ರೀಸನ್ನಲ್ಲ, ಮಿಶ್ರಣವನ್ನು. ಹಾಗೆ ನೋಡಿದರೆ ಆ ಮಿಶ್ರಣವನ್ನೂ ಪರೀಕ್ಷಿಸಬೇಕು. ಫ್ಲೀಟ್‌ಗೆಲ್ಲ ಹೊಸದು ಬಂದ ದಿನ ಒಂದಲ್ಲ ಒಂದು ಮೂಲೆಯಲ್ಲಿ ಯಾರೋ ಬೆರೆಸಿಯೇ ಬೆರೆಸುತ್ತಾರೆ.

ಟ್ರಯಲ್‌ಗಳು ಹಾಳಾಗುವುದು ರಾಸಾಯನಿಕದಿಂದಲ್ಲ, ಹೆಚ್ಚಾಗಿ ಇಂಥ ಸಣ್ಣ ಕಾರಣಗಳಿಂದ. ರಾತ್ರಿ ಪಾಳಿಯವರು ಹಳೆಯ ಡ್ರಮ್‌ನಿಂದ ಎರಡು ಲೀಟರ್ ಸುರಿದು ಕಳಿಸಿರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಗಾಡಿ ಹೊರಡಬೇಕಿತ್ತು. ಆಯಿಲ್ ತುಂಬುವ ಬಾಯಿಯ ಪಕ್ಕದಲ್ಲೇ ಕಣ್ಣಿಗೆ ಹೊಡೆಯುವ ಟ್ಯಾಗ್ ಕಟ್ಟಿ, ಗಾಡಿಯ ಒಳಗೇ ಸರಿಯಾದ ಆಯಿಲ್‌ನ ಒಂದು ಕ್ಯಾನ್ ಇಡಿ. ಡ್ರಮ್‌ಗಳ ಮೇಲೆ ಬ್ರ್ಯಾಂಡ್ ಹೆಸರು ಮುಚ್ಚಿ 'ಅ' ಮತ್ತು 'ಬ' ಅಂತ ಬರೆಯಿರಿ. ತನ್ನ ಗಾಡಿಗೆ ದುಬಾರಿ ಹೊಸ ಆಯಿಲ್ ಬಿದ್ದಿದೆ ಅಂತ ಗೊತ್ತಾದರೆ ಡ್ರೈವರ್‌ಗೆ ಇಂಜಿನ್ ನುಣ್ಣಗೆ ಓಡುತ್ತಿರುವ ಹಾಗೇ ಅನಿಸುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಹಾಗೆ ಅನಿಸುತ್ತದೆ. ಮೆಕ್ಯಾನಿಕ್‌ಗಳ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳಿ. 'ಫಿಲ್ಟರ್ ಬಿಚ್ಚಲು ಬಿಗಿ', 'ಗ್ಯಾಸ್ಕೆಟ್ ಹರಿದು ಬಂತು', 'ವಾಸನೆ ಬೇರೆ' ಇಂಥವು ಯಾವ ಲ್ಯಾಬ್ ವರದಿಯಲ್ಲೂ ಬರುವುದಿಲ್ಲ.

ಈಗ ಎಷ್ಟು ಗಾಡಿ ಸಾಕು? ಇಲ್ಲಿ ಲೆಕ್ಕ ಸ್ವಲ್ಪ ಬೇಸರ ತರಿಸುತ್ತದೆ. ಒಂದು ಪದಾರ್ಥ ಇಪ್ಪತ್ತು ಗಾಡಿಯಲ್ಲಿ ಒಂದನ್ನು ಕೆಡಿಸುವಂಥದ್ದು ಅಂದುಕೊಳ್ಳಿ. ಅದನ್ನು ಹತ್ತು ಗಾಡಿಗೆ ಹಾಕಿದರೆ ಒಂದೂ ಕೆಡದೆ ಟ್ರಯಲ್ ಪಾಸಾಗುವ ಸಾಧ್ಯತೆ ಸುಮಾರು ಶೇಕಡಾ 60. ಐನೂರು ಗಾಡಿಗೆ ಹಾಕಿದ ಮೇಲೆ ಇಪ್ಪತ್ತೈದರ ಆಸುಪಾಸು ಕೆಟ್ಟು ನಿಲ್ಲುತ್ತವೆ. ಒಂದೂ ಕೆಡಲಿಲ್ಲ ಅನ್ನುವ ಫಲಿತಾಂಶ ಬಂದಾಗ ಬಳಸುವ ಒಂದು ಒರಟು ಸೂತ್ರ ಇದೆ. ಮೂರನ್ನು ಗಾಡಿಗಳ ಸಂಖ್ಯೆಯಿಂದ ಭಾಗಿಸಿ. ಮೂವತ್ತು ಗಾಡಿಯಲ್ಲಿ ಒಂದೂ ಕೆಡದಿದ್ದರೆ ನಿಜವಾದ ದರ ಇನ್ನೂ ಶೇಕಡಾ 10ರ ತನಕ ಇರಬಹುದು, ಮುನ್ನೂರರಲ್ಲಿ ಕೆಡದಿದ್ದರೆ ಶೇಕಡಾ 1ರ ತನಕ. ಇದು ಶೇಕಡಾ 95ರ ಭರವಸೆಯ ಲೆಕ್ಕ. ಅಷ್ಟು ದೊಡ್ಡ ಟ್ರಯಲ್ ಯಾರಿಗೂ ಸಾಧ್ಯವಿಲ್ಲ, ಅಲ್ವಾ? ಹಾಗಾಗಿ ಟ್ರಯಲ್ ಮುಗಿಯಿತು, ಇನ್ನು ಎಲ್ಲದಕ್ಕೂ ಹಾಕಿ ಅನ್ನುವ ಒಂದು ದಿನವೇ ಬರಬಾರದು. ಮೊದಲು ಹತ್ತು, ಆಮೇಲೆ ಐವತ್ತು, ಆಮೇಲೆ ಒಂದು ಡಿಪೋ ಪೂರ್ತಿ. ಪ್ರತಿ ಮೆಟ್ಟಿಲಲ್ಲೂ ಏನು ಕಂಡರೆ ನಿಲ್ಲಿಸುತ್ತೇವೆ ಅನ್ನುವುದನ್ನು ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಬೇಕು. ಡ್ರಮ್‌ಗಳು ಬಂದು ಗೋಡೌನ್ ತುಂಬಿದ ಮೇಲೆ ಬರೆಯಲು ಕೂತರೆ ಆ ಅಂಕಿಗಳು ಯಾಕೋ ಸಡಿಲವಾಗಿರುತ್ತವೆ.

ಎಲ್ಲ ಗಾಡಿಗೂ ಹಬ್ಬಿಸಿದ ಮೇಲೆ ಎರಡು ಕೆಲಸ ಉಳಿಯುತ್ತದೆ. ಟ್ರಯಲ್‌ನಲ್ಲಿ ಗೆದ್ದ ಬ್ಯಾಚ್‌ನಿಂದ ಒಂದು ಸೀಲ್ ಮಾಡಿದ ಬಾಟಲಿ ತಾರೀಖು ಬರೆದು ಎತ್ತಿಡುವುದು, ಆಮೇಲೆ ಬರುವ ಬ್ಯಾಚ್‌ಗಳನ್ನು ಆಗಾಗ ಅದರ ಜೊತೆ ಲ್ಯಾಬ್‌ನಲ್ಲಿ ಹೋಲಿಸುವುದು. ತಯಾರಿಸುವವರು ಬೇಸ್ ಆಯಿಲ್ ಅಥವಾ ಅಡಿಟಿವ್ ಪ್ಯಾಕ್ ಬದಲಾಯಿಸಿದರೂ ಡಬ್ಬದ ಮೇಲಿನ ಹೆಸರು ಅದೇ ಇರುತ್ತದೆ. ಇನ್ನೊಂದು, ಕೆಲವು ಗಾಡಿಗಳನ್ನು ಹಳೆಯ ಆಯಿಲ್‌ನಲ್ಲೇ ಬಿಡುವುದು. ಇದಕ್ಕೆ ಜಗಳ ಆಗುತ್ತದೆ. ಎರಡು ತರಹದ ಸ್ಟಾಕ್ ಯಾಕೆ, ಹೊಸದು ಒಳ್ಳೆಯದು ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ ಅಂತ ಲೆಕ್ಕಪತ್ರದವರು ಕೇಳುತ್ತಾರೆ, ಅವರ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆದರೂ ನಾನು ಓವರ್‌ಹಾಲ್ ತನಕ ಅವುಗಳನ್ನು ಹಳೆಯದರಲ್ಲೇ ಉಳಿಸಿಕೊಳ್ಳುತ್ತೇನೆ. ಅಲ್ಲಿಯ ತನಕ ಓಡಿದ ಒಂದು 'ಅ' ಇಂಜಿನ್, ಒಂದು 'ಬ' ಇಂಜಿನ್ ಒಟ್ಟಿಗೆ ಬಿಚ್ಚಿ, ಲೈನರ್, ಬೇರಿಂಗ್, ವಾಲ್ವ್ ಟ್ರೇನ್ ಎಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟು ಮೈಕ್ರೋಮೀಟರ್ ಹಿಡಿದಾಗಲೇ ಮೊದಲ ಹಾಳೆಯಲ್ಲಿ ಬರೆದ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಗುತ್ತದೆ.